ಪೆಟ್ಟಿಗೆ ಯಾರದು?

ಹೋದ ಮಾಘದಲ್ಲಿ ನನ್ನ ಸೋದರಮಾವನ ಮೊಮ್ಮಗನ ಮನೆ ಗೃಹಪ್ರವೇಶವಾಯಿತು. ಮನೆ ಎಂದರೆ ನಮ್ಮ ಹುಣಸಮಾರನಹಳ್ಳಿಯಲ್ಲೇ, ಬಳ್ಳಾರಿ ರಸ್ತೆಯಿಂದ ಸ್ವಲ್ಪ ಒಳಕ್ಕೆ, ಅಪಾರ್ಟ್‌ಮೆಂಟೊಂದರ ಏಳನೆಯ ಅಂತಸ್ತು. ನಾನು ಈ ಕಡೆಗೆ ಟೀಚರಾಗಿ ಬಂದ ಕಾಲದಲ್ಲಿ ಅಷ್ಟು ಎತ್ತರದಲ್ಲಿ ಇದ್ದದ್ದು ಯಲಹಂಕದ ವಾಯುಪಡೆಯವರ ವಿಮಾನಗಳು ಮಾತ್ರ. 2008ರಲ್ಲಿ ದೇವನಹಳ್ಳಿಯ ಹತ್ತಿರ ದೊಡ್ಡ ವಿಮಾನ ನಿಲ್ದಾಣ ಶುರುವಾದದ್ದೇ ತಡ, ರಾಗಿ ಹೊಲ, ದ್ರಾಕ್ಷಿ ಚಪ್ಪರ ಎಲ್ಲ ಸೈಟಾದವು, ಸೈಟೆಲ್ಲ ಮನೆಯಾದವು. ಅದರ ಬಗ್ಗೆ ಗೊಣಗಲು ನಾನು ಕೂತಿಲ್ಲ. ನನ್ನ ಜಗಳವಿರುವುದು ಆ ಮನೆಯ ಹಾಲಿನಲ್ಲಿ, ಸೋಫಾದ ಮೇಲ್ಗಡೆ ತೂಗುಹಾಕಿರುವ ಚಿತ್ರದ ಜೊತೆ.

ಚಿತ್ರದಲ್ಲಿರುವವನು ನಮ್ಮ ಮಾವ. ಹಾರ್ಮೋನಿಯಂ ಮೇಷ್ಟ್ರು. ಹಳೆಯ ಕಪ್ಪುಬಿಳುಪು ಫೋಟೋ ಒಂದಿತ್ತು, ಯಾವುದೋ ನಾಟಕಕ್ಕೆ ಬಂದಿದ್ದ ಸ್ಟುಡಿಯೋದವನು ಹೆಂಡದಂಗಡಿಯ ಮುಂದೆ ತೆಗೆದದ್ದು: ಮಾವ ಬೆಂಚಿನ ಮೇಲೆ ಕೂತು ಪೆಟ್ಟಿಗೆಯ ಮೇಲೆ ಬೆರಳಿಟ್ಟಿದ್ದಾನೆ, ಪಕ್ಕದಲ್ಲಿ ಇಬ್ಬರು ಬಾಯಿ ತೆರೆದು ನಗುತ್ತಿದ್ದಾರೆ, ಕಾಲ ಬಳಿ ಒಂದು ಮಡಕೆ. ಹುಡುಗ ಅದನ್ನು ಯಾರಿಗೋ ಕೊಟ್ಟು ದೊಡ್ಡದು ಮಾಡಿಸಿದ್ದಾನೆ. ಕ್ಯಾನ್ವಾಸಿನ ಮೇಲೆ ಅಚ್ಚಾಗಿ, ಅದರ ಮೇಲೆ ಎಣ್ಣೆಬಣ್ಣ ಹಚ್ಚಿಸಿಕೊಂಡು, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಬಂದು ಕೂತಿದೆ. ಫೋಟೋದಲ್ಲಿದ್ದ ಸುಡುಬಿಸಿಲು ಇದರಲ್ಲಿಲ್ಲ. ಎಲ್ಲ ಕಂದು, ಎಲ್ಲ ಜೇನುಬಣ್ಣ. ಎಲ್ಲಿಂದಲೋ ಒಂದು ಲಾಟೀನಿನ ಬೆಳಕು ಬಂದು ಮಾವನ ಕೆನ್ನೆಗೆ ಬಿದ್ದಿದೆ. ಹರಿದ ಅಂಗಿಯ ತೋಳಿಗೆ ಸುಂದರವಾದ ಮಡಿಕೆಗಳು ಬಂದಿವೆ. ಮಡಕೆಯಂತೂ ಮಿರಮಿರ ಮಿಂಚುತ್ತಿದೆ.

“ಫ್ಲೆಮಿಶ್ ಸ್ಟೈಲ್ ಟೀಚರತ್ತೆ, ನಾನೂರು ವರ್ಷದ ಹಿಂದಿನ ಟ್ಯಾವರ್ನ್ ಪೇಂಟಿಂಗ್ ಥರ ಮಾಡಿಸಿದ್ದು,” ಎಂದ ಹುಡುಗ. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. “ಎಂಥ ಕಲಾವಿದರಮ್ಮ ನಿಮ್ಮನೆಯವರು! ಎಷ್ಟು ಖುಷಿಯಾಗಿದ್ದಾರೆ ನೋಡಿ!” ಎಂದರು.

ಚಿತ್ರದ ಕೆಳಗೆ, ಸೋಫಾದ ಅಂಚಿನಲ್ಲಿ, ನಮ್ಮತ್ತೆ ಕೂತಿದ್ದರು. ಮಾವನ ಹೆಂಡತಿ. ವಯಸ್ಸು ಎಂಬತ್ತನಾಲ್ಕು. ಕಣ್ಣು ಮಂದ. ಎರಡು ಸಲ ಹಿಂದಕ್ಕೆ ತಿರುಗಿ, ಕತ್ತು ಮೇಲೆತ್ತಿ ನೋಡಿದರು. ಆಮೇಲೆ ನನ್ನ ಸೆರಗು ಜಗ್ಗಿ ಕೇಳಿದರು:

“ಅದರಲ್ಲಿ ಪೆಟ್ಟಿಗೆ ಬರೆದವ್ರಲ್ಲ, ಅದು ಯಾರದು ಅಂತ ಕೇಳಿದ್ರಾ ಯಾರಾದ್ರೂ? ಅದು ನಂದು ಕಣಮ್ಮ.”

ಇನ್ಯಾರೋ ಅದಕ್ಕೆ ನಕ್ಕರು, ಅಜ್ಜಿಗೆ ಮರೆವು ಎಂದುಕೊಂಡು. ನಾನು ನಗಲಿಲ್ಲ. ಆ ಪೆಟ್ಟಿಗೆ ಅತ್ತೆಯದು ಹೇಗೆ ಎನ್ನುವುದು ನನಗೆ ಗೊತ್ತು. ಅದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮುಂಚೆ ಈ ಫ್ಲೆಮಿಶ್ ಸ್ಟೈಲ್ ಎನ್ನುವುದರ ಜಾತಕ ಬಿಡಿಸಬೇಕು. ಯಾಕೆಂದರೆ ನಮ್ಮ ಹುಡುಗನೊಬ್ಬನದಲ್ಲ ಈ ಚಿತ್ರ. ಹೋಟೆಲುಗಳ ಗೋಡೆಯ ಮೇಲೆ, ಬಿಸ್ಕತ್ತಿನ ಡಬ್ಬದ ಮುಚ್ಚಳದ ಮೇಲೆ, ಮದುವೆಗೆ ಉಡುಗೊರೆಯಾಗಿ ಬಂದ ಪಿಂಗಾಣಿ ತಟ್ಟೆಯ ಮೇಲೆ ನೀವೂ ಇದನ್ನು ನೋಡಿದ್ದೀರಿ: ಕೆಂಪು ಮೂಗಿನ ಪಿಟೀಲಿನವನು, ಎತ್ತಿದ ಲೋಟ, ನಗುವ ಬಾಯಿಗಳು. ನಾನೂ ನೋಡಿದ್ದೆ, ಚೆನ್ನಾಗಿದೆ ಎಂದೂ ಅಂದುಕೊಂಡಿದ್ದೆ. ಅತ್ತೆಯ ಮಾತು ಕೇಳಿದ ಮೇಲೆ ರಾತ್ರಿಯೆಲ್ಲ ನಿದ್ದೆ ಬರದೆ, ಹುಡುಗನಿಂದಲೇ ಕಲಿತ ವಿದ್ಯೆಯಿಂದ, ಆ ಮೂಲ ಚಿತ್ರಗಳನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಮತ್ತೂ ಕೆಲವು ತಿಂಗಳು ಪುಸ್ತಕ ತರಿಸಿ ಓದಿದೆ. ನಿವೃತ್ತಿಯಾದ ಟೀಚರಿಗೆ ಬೇರೇನು ಕೆಲಸ.

ಫ್ಲಾಂಡರ್ಸ್ ಎಂದರೆ ಈಗಿನ ಬೆಲ್ಜಿಯಂ ದೇಶದ ಉತ್ತರ ಭಾಗ. ಅಲ್ಲಿಯ ಆಂಟ್‌ವರ್ಪ್, ಬ್ರಸೆಲ್ಸ್ ಊರುಗಳ ಚಿತ್ರಕಾರರು ದೇವರು, ರಾಜರನ್ನು ಬಿಟ್ಟು ರೈತರನ್ನು, ಹೆಂಡದಂಗಡಿಯನ್ನು, ಮದುವೆ ಊಟವನ್ನು ಬರೆಯಲು ಶುರುಮಾಡಿದರು. ಅವರಲ್ಲಿ ಹಿರಿಯನು ಪೀಟರ್ ಬ್ರೂಗೆಲ್. ತೀರಿಕೊಂಡದ್ದು 1569ರಲ್ಲಿ. ಅವನ ‘ರೈತರ ಮದುವೆ’ ಎಂಬ ಚಿತ್ರ ಈಗ ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿದೆ. ನಮ್ಮ ಹಳ್ಳಿಯ ಮದುವೆಯ ಹಾಗೇ ಇದೆ: ಕಣಜದ ಮನೆಯಲ್ಲಿ ಉದ್ದದ ಮೇಜು, ಬೆಂಚಿನ ಮೇಲೆ ಒತ್ತೊತ್ತಾಗಿ ಕೂತ ನೆಂಟರು, ಎದುರಿಗೆ ಬೆರಳು ನೆಕ್ಕುತ್ತಿರುವ ಮಗು. ಗಂಜಿಯ ತಟ್ಟೆಗಳನ್ನು ಹೊತ್ತು ತರಲು ಹಲಗೆ ಸಾಲದೆ ಬಾಗಿಲನ್ನೇ ಕಿತ್ತು, ಅದರ ಮೇಲೆ ಜೋಡಿಸಿ ಇಬ್ಬರು ಹೊತ್ತು ತರುತ್ತಿದ್ದಾರೆ. ಮೇಜಿನ ಮುಂದೆ ಇಬ್ಬರು ವಾದ್ಯದವರು, ಚೀಲದ ಹಾಗಿರುವ ಊದುವ ವಾದ್ಯ ಹಿಡಿದು ನಿಂತಿದ್ದಾರೆ. ಅವರಲ್ಲಿ ಒಬ್ಬನ ಮುಖವನ್ನು ಹಿಗ್ಗಿಸಿ ನೋಡಿ. ಗಡ್ಡ ಹೆರೆದು ಎಷ್ಟೋ ದಿನವಾಗಿದೆ. ವಾದ್ಯ ಕೈಯಲ್ಲಿದೆ, ಕಣ್ಣು ಮಾತ್ರ ಬಾಗಿಲ ಮೇಲೆ ಬರುತ್ತಿರುವ ಗಂಜಿಯ ತಟ್ಟೆಯ ಮೇಲಿದೆ. ಅವನಿಗೆ ಹಸಿವು. ಎಲ್ಲರಿಗೂ ಎಲೆ ಬಿದ್ದ ಮೇಲೆ ತನಗೆ ಬೀಳುತ್ತದೋ ಇಲ್ಲವೋ ಎಂಬ ಲೆಕ್ಕ ಆ ಕಣ್ಣಿನಲ್ಲಿದೆ.

ನಮ್ಮ ಮದುವೆಗಳಲ್ಲಿ ವಾಲಗದವರನ್ನು ಯಾವ ಪಂಕ್ತಿಗೆ ಕೂರಿಸುತ್ತಿದ್ದರು ಎಂದು ಬಲ್ಲವರಿಗೆ ಆ ಕಣ್ಣು ಹೊಸದಲ್ಲ. ನನಗಂತೂ ಎದೆ ಧಸಕ್ಕೆಂದಿತು. ನಾಲ್ಕೂವರೆ ಶತಮಾನದ ಹಿಂದೆ ಒಬ್ಬ ಗಂಡಸು ಇದನ್ನು ಕಂಡು, ಬರೆದು ಇಟ್ಟಿದ್ದಾನೆ. ಅದೇ ಬ್ರೂಗೆಲ್ ಬರೆದ ‘ರೈತರ ಕುಣಿತ’ದಲ್ಲಿ ವಾದ್ಯದವನು ಕೆನ್ನೆಯುಬ್ಬಿಸಿ ಊದುತ್ತಿದ್ದಾನೆ, ಪಕ್ಕದವನು ಹೂಜಿ ಹಿಡಿದು ಅವನ ಮೇಲೆ ವಾಲಿದ್ದಾನೆ. ಊಟದ ಕಡೆ ನೋಡುವವನಿಗೆ ಹೂಜಿ ಬರುತ್ತದೆ. ಕೂಲಿ ಅದೇ.

ಆಮೇಲೆ ಬಂದವನು ಏಡ್ರಿಯಾನ್ ಬ್ರೌವರ್. ಅವನ ಚಿತ್ರಗಳು ಅಂಗೈಯಗಲ, ಹೆಚ್ಚೆಂದರೆ ಸ್ಲೇಟಿನಗಲ. ಅವುಗಳಲ್ಲಿ ಹೆಂಡದಂಗಡಿಯೆಂದರೆ ಹೆಂಡದಂಗಡಿಯೇ. ಗೋಡೆ ಕಿತ್ತು ಬಂದಿದೆ, ಮುಖ ಊದಿಕೊಂಡಿದೆ, ಒಬ್ಬ ಜೊತೆಗಾರನ ಜುಟ್ಟು ಹಿಡಿದಿದ್ದಾನೆ, ಇನ್ನೊಬ್ಬ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ನಿಂತಿದ್ದಾನೆ. ಹಾಡುವವರ ಬಾಯಿ ಹಾಡಿಗೆ ತೆರೆದಿದೆಯೋ ಗೋಳಿಗೆ ತೆರೆದಿದೆಯೋ ಹೇಳುವುದು ಕಷ್ಟ. ಬ್ರೌವರನಿಗೆ ಅಂಗಡಿಯ ಒಳಗೂ ಗೊತ್ತಿತ್ತು, ಸಾಲವೂ ಗೊತ್ತಿತ್ತು. 1633ರಲ್ಲಿ ಆಂಟ್‌ವರ್ಪಿನ ಕೋಟೆಯಲ್ಲಿ ಸೆರೆಯಲ್ಲೂ ಇದ್ದ. 1638ರಲ್ಲಿ, ಮೂವತ್ತೆರಡು ಮೂವತ್ಮೂರರ ವಯಸ್ಸಿನಲ್ಲಿ, ಸತ್ತ. ಆ ಕಾಲದ ಚಿತ್ರಕಾರರ ಚಕ್ರವರ್ತಿಯಾಗಿದ್ದ ರೂಬೆನ್ಸ್ ತೀರಿಕೊಂಡಾಗ ಅವನ ಮನೆಯಲ್ಲಿ ಬ್ರೌವರನ ಹದಿನೇಳು ಚಿತ್ರಗಳಿದ್ದವು. ದೊಡ್ಡವರ ಗೋಡೆಯ ಮೇಲೆ ಬಡವರ ಹೆಂಡದಂಗಡಿ ತೂಗುಬಿದ್ದದ್ದು ಇಂದಿನ ಮಾತಲ್ಲ ನೋಡಿ.

ಇಲ್ಲಿಯವರೆಗೆ ನನಗೆ ಜಗಳವಿಲ್ಲ. ಜಗಳ ಶುರುವಾಗುವುದು ಡೇವಿಡ್ ಟೆನಿಯರ್ಸನಿಂದ, ಅವನಿಗಿಂತ ಹೆಚ್ಚಾಗಿ ಅವನನ್ನು ನಕಲು ಮಾಡಿದವರಿಂದ. ಟೆನಿಯರ್ಸ್ ಶುರುಮಾಡಿದ್ದು ಬ್ರೌವರನ ಹಾದಿಯಲ್ಲೇ. ಕೈಚಳಕ ಅಪಾರ. 1651ರಲ್ಲಿ ಬ್ರಸೆಲ್ಸಿಗೆ ಹೋಗಿ ಅಲ್ಲಿಯ ರಾಜ್ಯಪಾಲನಾಗಿದ್ದ ಆರ್ಚ್‌ಡ್ಯೂಕ್ ಲಿಯೋಪೋಲ್ಡ್ ವಿಲ್ಹೆಲ್ಮನ ಆಸ್ಥಾನ ಚಿತ್ರಕಾರನಾದ. ಹಳ್ಳಿಯಲ್ಲಿ ದೊಡ್ಡ ಮನೆ ಕೊಂಡ. ಅವನ ಚಿತ್ರಗಳಲ್ಲಿ ವರ್ಷ ಕಳೆದ ಹಾಗೆ ಹೆಂಡದಂಗಡಿಗೆ ಸುಣ್ಣ ಬಣ್ಣವಾಗುತ್ತ ಹೋಯಿತು. ಜುಟ್ಟು ಹಿಡಿಯುವವರು ಕಡಿಮೆಯಾದರು, ಕುಣಿಯುವವರು ಹೆಚ್ಚಾದರು. ಕೊಳ್ಳುವವರಿಗೂ ಅದೇ ಬೇಕಾಗಿತ್ತು. ಅವನು 1690ರಲ್ಲಿ ಸತ್ತ ಮೇಲೂ ಅವನ ಚಿತ್ರಗಳ ಸುಗ್ಗಿ ನಿಲ್ಲಲಿಲ್ಲ. ಬ್ರಸೆಲ್ಸಿನ ಮಗ್ಗಗಳಲ್ಲಿ ‘ಟೆನಿಯರ್ಸ್’ ಎಂಬ ಹೆಸರಿನಲ್ಲೇ ಗೋಡೆಗೆ ಹಾಕುವ ಜಮಖಾನೆಗಳನ್ನು ನೇಯ್ದರು: ರೇಷ್ಮೆ ಉಣ್ಣೆಗಳಲ್ಲಿ ರೈತರ ಕುಡಿತ, ಕುಣಿತ, ವಾದ್ಯ. ಅವು ಹೋದದ್ದು ಅರಮನೆಗಳಿಗೆ. ಪ್ಯಾರಿಸ್ಸಿನಲ್ಲಿ ಲ ಬಾ ಎಂಬವನು ತಾಮ್ರದ ತಗಡಿನಲ್ಲಿ ಕೆತ್ತಿ ಅವನ ಚಿತ್ರಗಳನ್ನು ಅಚ್ಚುಹಾಕಿ ಮಾರಿದ. ಅಲ್ಲಿಂದ ಬಣ್ಣದ ಅಚ್ಚು, ಅಲ್ಲಿಂದ ಪಿಂಗಾಣಿ, ಅಲ್ಲಿಂದ ಬಿಸ್ಕತ್ತಿನ ಡಬ್ಬ, ಅಲ್ಲಿಂದ ನಮ್ಮ ಹುಣಸಮಾರನಹಳ್ಳಿಯ ಏಳನೆಯ ಅಂತಸ್ತು.

ಈ ದಾರಿಯಲ್ಲಿ ಕಳೆದುಹೋದದ್ದೇನು ಗೊತ್ತೆ? ಗಂಜಿಯ ಕಡೆ ನೋಡುವ ಆ ಕಣ್ಣು. ನಕಲಿನವನು ನಗು ತೆಗೆದುಕೊಂಡ, ಪಿಟೀಲು ತೆಗೆದುಕೊಂಡ, ಹೂಜಿ ತೆಗೆದುಕೊಂಡ, ಹಸಿವನ್ನು ಬಿಟ್ಟ. ವಾದ್ಯದವನು ಯಾಕೆ ಅಲ್ಲಿ ಕೂತಿದ್ದಾನೆ ಎಂಬ ಪ್ರಶ್ನೆಯೇ ಏಳದ ಹಾಗೆ ಬೆಳಕು ಹಾಕಿದ. ಸಂತೋಷಕ್ಕೆ ಕೂತಿದ್ದಾನೆ, ಮತ್ತಿನ್ನೇನು!

ಕಳೆದುಹೋದದ್ದು ಇನ್ನೂ ಒಂದಿದೆ. ನಾವು ಹೆಂಗಸರು ಹುಡುಕಬೇಕಾದದ್ದು ಅದನ್ನೇ. ಟೆನಿಯರ್ಸನ ಮೂಲ ಚಿತ್ರಗಳಲ್ಲಿ ಮುಂದಿನ ಗದ್ದಲವನ್ನು ಬಿಟ್ಟು ಹಿಂದಿನ ಗೋಡೆ ನೋಡಿ. ಎಷ್ಟೋ ಕಡೆ ಮೇಲೊಂದು ಕಿಟಕಿಯೋ ಅರೆ ತೆರೆದ ಬಾಗಿಲೋ ಇರುತ್ತದೆ, ಅದರಿಂದ ಯಾರೋ ಇಣುಕುತ್ತಿರುತ್ತಾರೆ. ಕೆಲವು ಕಡೆ ಅದು ಮುದುಕಿ. ಹಳ್ಳಿಯ ಜಾತ್ರೆಯ ಚಿತ್ರಗಳಲ್ಲಿ ಮೂಲೆಯಲ್ಲೆಲ್ಲೋ ಹೆಂಡತಿ ತೂರಾಡುವ ಗಂಡನ ತೋಳು ಹಿಡಿದು ಮನೆಯ ಕಡೆ ಎಳೆಯುತ್ತಿರುತ್ತಾಳೆ. ನೋಡುವವರಿಗೆ ನಗು ಬರಲೆಂದೇ ಅವಳನ್ನು ಅಲ್ಲಿ ಇಟ್ಟಿರಬಹುದು. ಇಟ್ಟಿದ್ದಾನಲ್ಲ, ಅಷ್ಟು ಸಾಕು. ಡಬ್ಬದ ಮುಚ್ಚಳಕ್ಕೆ ಬರುವಾಗ ಚಿತ್ರವನ್ನು ಚಿಕ್ಕದು ಮಾಡಬೇಕು, ಮೂಲೆ ಕತ್ತರಿಸಬೇಕು. ಕತ್ತರಿಗೆ ಮೊದಲು ಸಿಗುವವಳು ಅವಳೇ.

ಬಾಗಿಲಾಚೆಯಿಂದ ಇಣುಕದೆ ಒಳಗೇ ಹೋಗಿ ಕೂತು ಬರೆದ ಹೆಂಗಸೂ ಒಬ್ಬಳಿದ್ದಳು ಎಂದರೆ ನೀವು ನಂಬುತ್ತೀರಾ? ಫ್ಲಾಂಡರ್ಸಿಗೆ ಪಕ್ಕದ ಹಾಲೆಂಡಿನ ಹಾರ್ಲೆಮ್ ಊರಿನವಳು, ಜೂಡಿತ್ ಲೈಸ್ಟರ್. ಬ್ರೌವರನೂ ಕೆಲಕಾಲ ಇದ್ದ ಊರು ಅದು. 1609ರಲ್ಲಿ ಹುಟ್ಟಿದವಳು. ಅಪ್ಪನಿಗೆ ಬಿಯರ್ ತಯಾರಿಸುವ ವ್ಯಾಪಾರ, ಅದೂ ಮುಳುಗಿತು. ಮಗಳು ಕುಂಚ ಹಿಡಿದು 1633ರಲ್ಲಿ ಚಿತ್ರಕಾರರ ಸಂಘಕ್ಕೆ ಸದಸ್ಯಳಾದಳು. ಪಿಟೀಲಿನವರನ್ನು, ಕೊಳಲಿನ ಹುಡುಗನನ್ನು, ಲೋಟ ಎತ್ತಿದವರನ್ನು ಬರೆದಳು. ಶಿಷ್ಯರಿದ್ದರು. ಅವರಲ್ಲೊಬ್ಬನನ್ನು ಅದೇ ಊರಿನ ಮಹಾ ಚಿತ್ರಕಾರ ಫ್ರಾನ್ಸ್ ಹಾಲ್ಸ್ ತನ್ನ ಕಡೆ ಸೇರಿಸಿಕೊಂಡಾಗ 1635ರಲ್ಲಿ ಸಂಘದ ಮುಂದೆ ದೂರು ಒಯ್ದಳು. ಅಷ್ಟು ಗಟ್ಟಿಗಿತ್ತಿ. ಮರುವರ್ಷ ಇನ್ನೊಬ್ಬ ಚಿತ್ರಕಾರ ಮೋಲೆನಾರನನ್ನು ಮದುವೆಯಾದಳು. ಆಮೇಲೆ ಬರೆದದ್ದು ಬಹಳ ಕಡಿಮೆ. ಮಕ್ಕಳು, ಮನೆ, ಗಂಡನ ವ್ಯವಹಾರ. ಇದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸತ್ತ ಮೇಲೆ ಅವಳ ಹೆಸರೂ ಸತ್ತಿತು. ಇನ್ನೂರು ಚಿಲ್ಲರೆ ವರ್ಷ ಅವಳ ಚಿತ್ರಗಳನ್ನು ಹಾಲ್ಸನದೆಂದೋ ಗಂಡನದೆಂದೋ ಮಾರಿದರು. ಗಂಡಸು ಪಿಟೀಲು ಬಾರಿಸುತ್ತ, ಪಕ್ಕದಲ್ಲಿ ಹೆಂಗಸು ಲೋಟ ಹಿಡಿದು ಕೂತ 1630ರ ಒಂದು ಚಿತ್ರವಿದೆ, ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿ. ಹಾಲ್ಸನ ಅತ್ಯುತ್ತಮ ಕೃತಿಗಳಲ್ಲೊಂದು ಎಂದು ಅದನ್ನು ದೊಡ್ಡ ಬೆಲೆಗೆ ಕೊಂಡಿದ್ದರು. ಅದರಲ್ಲಿ ಅಕ್ಷರದ ಜೊತೆ ಒಂದು ನಕ್ಷತ್ರದ ಗುರುತು ಸಿಕ್ಕಿತು. ಅದು ಲೈಸ್ಟರಳ ಸಹಿ ಎಂದು ಹಾಫ್‌ಸ್ಟೆಡ್ ಡ ಗ್ರೂಟ್ ಎಂಬ ವಿದ್ವಾಂಸ 1893ರಲ್ಲಿ ತೋರಿಸಿದ. ವ್ಯಾಜ್ಯ ಕೋರ್ಟಿಗೂ ಹೋಗಿತ್ತು. ನಿನ್ನೆಯವರೆಗೆ ಅದ್ಭುತವಾಗಿದ್ದ ಅದೇ ಪಿಟೀಲು, ಅದೇ ನಗು, ಅದೇ ಲೋಟ. ಬರೆದವಳು ಹೆಂಗಸು ಎಂದು ಗೊತ್ತಾದ ಮೇಲೆ ಬೆಲೆ ಇಳಿಯಿತು!

‘ಪೆಟ್ಟಿಗೆ ಯಾರದು’ ಎಂದು ಅತ್ತೆ ಕೇಳಿದ್ದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ದೂರದ ಬೆಲ್ಜಿಯಮ್ಮಿನವರನ್ನು ಬೈಯುವುದು ಸುಲಭ. ನಮ್ಮಲ್ಲೂ ಒಬ್ಬ ಹೆಂಡದಂಗಡಿಯ ಹಾಡುಗಾರನಿದ್ದಾನಲ್ಲ, ನಮಗೆಲ್ಲ ಪ್ರೀತಿಯವನು: ಜಿ.ಪಿ. ರಾಜರತ್ನಂ ಅವರ ಎಂಡ್ಕುಡುಕ ರತ್ನ. ಮಕ್ಕಳಿಗೆ ತುತ್ತೂರಿಯ ಪದ್ಯ ಬರೆದುಕೊಟ್ಟ ಅದೇ ರಾಜರತ್ನಂ, ತಾವು ಹೆಂಡ ಮುಟ್ಟದವರು, 1930ರ ದಶಕದಲ್ಲಿ ಒಬ್ಬ ಕುಡುಕನ ಬಾಯಿಂದ, ಅವನದೇ ಆಡುಮಾತಿನಲ್ಲಿ ಹಾಡಿಸಿದರು. ಆ ಪದಗಳಲ್ಲಿ ಬರಿಯ ಅಮಲಿಲ್ಲ. ಬಡತನವಿದೆ, ಸೂರಿಲ್ಲದವನ ಜಂಬವಿದೆ, ಕನ್ನಡದ ಹುಚ್ಚಿದೆ, ಕೈಹಿಡಿದ ಪುಟ್ನಂಜಿಯ ಮೇಲಿನ ಪ್ರೀತಿಯಿದೆ. ಬ್ರೌವರನ ಸಾಲಿನಲ್ಲಿ ಕೂರಬೇಕಾದ ಕೆಲಸ ಅದು. ಮೈಸೂರು ಅನಂತಸ್ವಾಮಿಯವರು ಹಾಕಿದ ರಾಗದಲ್ಲಿ, ಆಮೇಲೆ ಅವರ ಮಗ ರಾಜು ಅನಂತಸ್ವಾಮಿಯವರ ಗಂಟಲಲ್ಲಿ ಕೇಳಿ ನಾನೂ ಕಣ್ಣೊರೆಸಿಕೊಂಡಿದ್ದೇನೆ.

ನಾನು ಹೇಳುತ್ತಿರುವುದು ಆಮೇಲಿನದು. ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ, ರಾಜ್ಯೋತ್ಸವದ ವೇದಿಕೆಗಳಲ್ಲಿ ರತ್ನನ ವೇಷ ಹಾಕಿಕೊಂಡು ಬರುತ್ತಾರೆ ನೋಡಿ, ಹೊಸ ಪಂಚೆಗೆ ಮಣ್ಣು ಹಚ್ಚಿಕೊಂಡು, ಕೈಯಲ್ಲಿ ಬಾಟ್ಲಿ ಹಿಡಿದು, ತೂರಾಡಿಕೊಂಡು! ಪದ್ಯದಲ್ಲಿ ಎರಡು ಸಾಲು ತೂರಾಟ, ವೇದಿಕೆಯ ಮೇಲೆ ಹತ್ತು ನಿಮಿಷ ತೂರಾಟ. ಜನ ಚಪ್ಪಾಳೆ ಹೊಡೆಯುವುದೂ ಪದಕ್ಕಲ್ಲ, ತೂರಾಟಕ್ಕೇ. ಟೆನಿಯರ್ಸನ ನಕಲಿನವರು ಮಾಡಿದ್ದನ್ನೇ ನಾವು ಮಾಡಿದೆವು. ನಾನು ಟೀಚರಾಗಿದ್ದಾಗ ಒಂಬತ್ತನೇ ತರಗತಿಯ ಹುಡುಗನಿಗೆ ಆ ವೇಷ ನಾನೇ ಹಾಕಿಸಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವನ ತಾಯಿ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದುಹೋದಳು. ಅವಳ ಮನೆಯಲ್ಲಿ ಪ್ರತಿ ರಾತ್ರಿ ಅದೇ ನಾಟಕ ನಡೆಯುತ್ತಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕಿತ್ತು.

ಪುಟ್ನಂಜಿ ಎದುರುಬದಿಯಿಂದ ಹಾಡಿದ್ದರೆ ಹೇಗಿರುತ್ತಿತ್ತು ಎಂದು ಕೇಳಬೇಕೆನಿಸುತ್ತದೆ. ಹಾಡಿದ್ದಾಳೆ, ನಾವು ಅದನ್ನು ಹಾಡು ಎನ್ನಲಿಲ್ಲ ಅಷ್ಟೆ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿಗೆ ಅಡ್ಡ ನಿಂತರು. ಮರುವರ್ಷ ಆಂಧ್ರದಲ್ಲಿ ಸಾರಾಯಿ ನಿಂತಿತು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ಟು ಹೋಗಿ ಬಾಟ್ಲಿ ಬಂತು, ಅದು ಬೇರೆ ಮಾತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ, ಇನ್ನೂರು ಕಿಲೋಮೀಟರಿನಷ್ಟು, ಮದ್ಯ ನಿಲ್ಲಿಸಿ ಎಂದು ನಡೆದು ಬಂದರು. ಅವರ ಪಾದಗಳನ್ನು ಯಾರೂ ಫ್ಲೆಮಿಶ್ ಸ್ಟೈಲಿನಲ್ಲಿ ಬರೆಸಿ ಹಾಲಿನಲ್ಲಿ ಹಾಕಿಕೊಂಡಿದ್ದನ್ನು ನಾನು ಕಾಣೆ.

ಹಾಗೆಂದು ಕುಡಿಯುವ ಕಡೆ ಹಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೂಲಿಯ ಮಾತು ಯಾರೂ ಎತ್ತುವುದಿಲ್ಲವಲ್ಲ, ಸಿಟ್ಟು ಅದರ ಮೇಲೆ. ಬೆಂಗಳೂರಿನ ಹೋಟೆಲುಗಳಲ್ಲಿ ಲೈವ್ ಬ್ಯಾಂಡ್ ನಡೆಸಲು ಪೊಲೀಸರ ಲೈಸೆನ್ಸ್ ಬೇಕೆಂಬ 2005ರ ಆದೇಶದ ಮೇಲೆ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರ ಜನವರಿಯಲ್ಲಿ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರದಲ್ಲಿ ಆರ್ಕೆಸ್ಟ್ರಾ ಬಾರುಗಳ ವೇದಿಕೆಯ ಮೇಲೆ ನಾಲ್ಕು ಹೆಂಗಸರು, ನಾಲ್ಕು ಗಂಡಸರು, ಅದಕ್ಕಿಂತ ಹೆಚ್ಚಿಗೆ ಕೂಡದು ಎಂಬ ಷರತ್ತಿತ್ತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಅದನ್ನು ತೆಗೆದುಹಾಕಿತು. ಹೆಂಗಸೊಬ್ಬಳು ಹಾಡಿ ಹೊಟ್ಟೆ ಹೊರೆಯುವುದಕ್ಕೆ ತಲೆ ಎಣಿಸುವುದೇನು ಎಂದು ನಾನೂ ಆ ದಿನ ಪೇಪರು ಓದಿ ಸಂತೋಷಪಟ್ಟೆ. ಆದರೆ ಊರಲ್ಲಿ ಚರ್ಚೆಯಾದದ್ದೆಲ್ಲ ಎಷ್ಟು ಹೆಂಗಸರು, ಎಂಥ ಬಟ್ಟೆ, ಎಷ್ಟು ಗಂಟೆಯವರೆಗೆ. ರಾತ್ರಿ ಹನ್ನೊಂದರ ಮೇಲೆ ಅವಳು ಮನೆಗೆ ಹೇಗೆ ಹೋಗುತ್ತಾಳೆ, ತಿಂಗಳಿಗೆ ಸಂಬಳವುಂಟೋ ಅಥವಾ ಕುಡಿದವರು ಎಸೆದದ್ದೇ ಪಾವತಿಯೋ ಎಂದು ನಮ್ಮ ಹಜಾರಗಳಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಈಗ ಮಾವನ ಮಾತಿಗೆ ಬರುತ್ತೇನೆ.

ನಮ್ಮ ಸೀಮೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಎಷ್ಟೆಂದು ಗೊತ್ತಿರುವವರಿಗೆ ಗೊತ್ತು. ಸುಗ್ಗಿ ಮುಗಿದ ಮೇಲೆ ಊರಿಗೊಂದು ‘ಕುರುಕ್ಷೇತ್ರ’. ಹಾರ್ಮೋನಿಯಂ ಮೇಷ್ಟ್ರು ಎರಡು ಮೂರು ತಿಂಗಳು ಆ ಊರಿನಲ್ಲೇ ಇದ್ದು, ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರಿಗೆ ರಾತ್ರಿ ಕಂದಪದ್ಯ, ಸೀಸಪದ್ಯ ಕಲಿಸಬೇಕು. ದುರ್ಯೋಧನನಿಗೆ ಶ್ರುತಿ ಸಿಗದಿದ್ದರೆ ಮೇಷ್ಟ್ರ ತಪ್ಪು, ಸಿಕ್ಕರೆ ದುರ್ಯೋಧನನ ಹೆಚ್ಚುಗಾರಿಕೆ. ಮಾವ ಆ ವಿದ್ಯೆಯಲ್ಲಿ ಗಟ್ಟಿಗ. ಕರುಣರಸದಲ್ಲಿ ಅವನು ಪೆಟ್ಟಿಗೆಯ ತಿದಿ ಎಳೆದರೆ ಉಸಿರು ಎಳೆದ ಹಾಗಿರುತ್ತಿತ್ತು ಎಂದು ನಮ್ಮಮ್ಮ ಹೇಳುತ್ತಿದ್ದಳು. ಮಾತಾಡಿದ ಸಂಭಾವನೆ ಪೂರ್ತಿ ಕೈಗೆ ಬಂದದ್ದು ಅಪರೂಪ. ಶಾಲು ಹೊದಿಸುವರು, ಹಾರ ಹಾಕುವರು, ದುಡ್ಡಿಗೆ ಮುಂದಿನ ವಾರ ಬನ್ನಿ ಎನ್ನುವರು. ಮಳೆಗಾಲವಂತೂ ಪೂರಾ ಖಾಲಿ. ಆಗ ಮಾವ ಹೆಂಡದಂಗಡಿಯ ಬೆಂಚಿಗೆ ಬಂದ. ಒಂದು ಪದಕ್ಕೆ ಒಂದು ಲೋಟ. “ಮೇಷ್ಟ್ರೇ ಇನ್ನೊಂದು ನುಡಿಸಿ” ಎಂದರೆ ಇನ್ನೊಂದು ಲೋಟ. ಊರಿನವರೆಲ್ಲ ಸೇರಿ ಅವನಿಗೆ ಕುಡಿಸಿದ ಲೆಕ್ಕ ಹಾಕಿದರೆ ಒಂದು ಎಕರೆ ಜಮೀನು ಬರುತ್ತಿತ್ತು. ಒಬ್ಬನಾದರೂ, ಇಗೋ ಮೇಷ್ಟ್ರೇ, ಲೋಟ ಬೇಡ, ಅಷ್ಟು ದುಡ್ಡು ಮನೆಗೆ ಕಳಿಸುತ್ತೇನೆ ಎಂದವನಿಲ್ಲ. ಲೋಟದಲ್ಲಿ ಕೊಟ್ಟರೆ ಗೆಳೆತನ, ದುಡ್ಡಿನಲ್ಲಿ ಕೊಟ್ಟರೆ ಕೂಲಿ. ಗೆಳೆತನ ಅಗ್ಗ.

ಅತ್ತೆ ವಿಜಯಪುರದಲ್ಲಿ ರೇಷ್ಮೆ ಬಿಚ್ಚುವ ಚರಕದ ಮನೆಗೆ ಹೋಗುತ್ತಿದ್ದರು. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ, ಅದರೊಳಗೆ ಕೈಹಾಕಿ ಎಳೆಯ ತುದಿ ಹಿಡಿಯಬೇಕು. ಸಂಜೆಗೆ ಬೆರಳೆಲ್ಲ ಬೆಳ್ಳಗೆ ಊದಿ ಸುಲಿದಿರುತ್ತಿತ್ತು. ಸತ್ತ ಹುಳುವಿನ ವಾಸನೆ ತಲೆಗೆ ಎಣ್ಣೆ ಹಾಕಿದರೂ ಹೋಗುತ್ತಿರಲಿಲ್ಲ. ರಜಕ್ಕೆ ಹೋದಾಗ ಆ ಕೈಯಲ್ಲೇ ನನಗೆ ಮುದ್ದೆ ಕಟ್ಟಿ ಹಾಕಿದ್ದಾರೆ. ಮಾವ ಪೆಟ್ಟಿಗೆಯನ್ನು ಗಿರವಿ ಇಟ್ಟ. ಹೆಂಡದ ಬಾಕಿಗೆ. ನಾಟಕದ ಕಾಲ ಬಂತು, ಊರಿನವರು ಮೇಷ್ಟ್ರನ್ನು ಕರೆಯಲು ಬಂದರು, ಪೆಟ್ಟಿಗೆಯಿಲ್ಲ. ಅತ್ತೆ ಚರಕದ ಮನೆಯಲ್ಲಿ ಮುಂಗಡ ತೆಗೆದು ಬಿಡಿಸಿಕೊಂಡು ಬಂದರು. ಆ ಮುಂಗಡ ತೀರಿಸಲು ಒಂದು ವರ್ಷ. ಮತ್ತೆ ಇಟ್ಟ, ಮತ್ತೆ ಬಿಡಿಸಿದರು. ಹೀಗೆ ಮೂರು ಸಲ. ಆ ಫೋಟೋ ತೆಗೆದದ್ದು ಎರಡನೆಯ ಸಲ ಬಿಡಿಸಿ ತಂದ ವಾರ. ಈಗ ನೀವೇ ಹೇಳಿ, ಸೋಫಾದ ಮೇಲಿನ ಚಿತ್ರದಲ್ಲಿ ಲಾಟೀನಿನ ಬೆಳಕಿನಲ್ಲಿ ಹೊಳೆಯುತ್ತಿರುವ ಆ ಪೆಟ್ಟಿಗೆ ಯಾರದು?

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಒಳ್ಳೆಯ ಹುಡುಗ, ಕೇಳಿಸಿಕೊಂಡ. “ತಾತನ ಮರ್ಯಾದೆ ತೆಗೀಬೇಕು ಅಂತೀರಾ ಅತ್ತೆ?” ಎಂದ. ಇಲ್ಲಪ್ಪ. ಮಾವನ ಮೇಲೆ ನನಗೆ ಪ್ರೀತಿಯೇ. ಹಸಿವಿದ್ದವನನ್ನು ಹಸಿವಿಲ್ಲದವನ ಹಾಗೆ ಬರೆಸಿದ್ದೀಯಲ್ಲ, ಮರ್ಯಾದೆ ಹೋದದ್ದು ಅಲ್ಲಿ. ಗಂಜಿಯ ಕಡೆ ನೋಡುವ ಕಣ್ಣು ಅವನದೂ ಆಗಿತ್ತು, ಆ ಫೋಟೋದಲ್ಲಿ ಅದಿತ್ತು. ಬಣ್ಣದವನು ಅದನ್ನು ಅಳಿಸಿ ನಗು ಬರೆದಿದ್ದಾನೆ ಎಂದೆ.

“ಹಾಗಾದ್ರೆ ಅಜ್ಜೀನೂ ಸೇರಿಸಿಬಿಡೋಣ. ಕಂಪ್ಯೂಟರಿನಲ್ಲಿ ಈಗ ಎಷ್ಟು ಹೊತ್ತಿನ ಕೆಲಸ? ತಾತನ ಪಕ್ಕದಲ್ಲಿ, ಹೂವಿಟ್ಟುಕೊಂಡು, ಕೂತ ಹಾಗೆ,” ಎಂದ. ಒಪ್ಪಿಕೊಳ್ಳುತ್ತೇನೆ, ನನಗೂ ಒಂದು ಗಳಿಗೆ ಅದೇ ಸರಿಯೆನಿಸಿತು. ಹೆಂಗಸನ್ನು ಚೌಕಟ್ಟಿನೊಳಗೆ ತರಬೇಕು ಎಂದು ಇಷ್ಟೆಲ್ಲ ಓದಿದವಳಲ್ಲವೇ ನಾನು.

ಅತ್ತೆ ಕೇಳಿಸಿಕೊಂಡು ಕೈ ಅಡ್ಡ ಮಾಡಿದರು. “ಬ್ಯಾಡಪ್ಪ. ನಾನು ಆ ಅಂಗಡಿ ಮೆಟ್ಲು ಹತ್ತಿದೋಳಲ್ಲ. ಈಗ ಕರ್ಕೊಂಡೋಗಿ ಅಲ್ಲಿ ಕೂರಿಸಬ್ಯಾಡಿ.”

ಹುಡುಗನೂ ನಾನೂ ಮುಖ ಮುಖ ನೋಡಿಕೊಂಡೆವು. ಮತ್ತೇನು ಮಾಡೋಣ ಅಂತೀರಾ ಎಂದು ಅವನು ಕೇಳಿದ. ಚೌಕಟ್ಟಿನ ಕೆಳಗೆ ಹಿತ್ತಾಳೆಯ ಪಟ್ಟಿಯೊಂದಿದೆ, ‘ಹಾರ್ಮೋನಿಯಂ ಮೇಷ್ಟ್ರು’ ಎಂದು ಕೆತ್ತಿಸಿದ್ದಾನೆ. ಅದರ ಕೆಳಗೆ ಇನ್ನೊಂದು ಸಾಲು ಕೆತ್ತಿಸು ಎಂದೆ: ಈ ಪೆಟ್ಟಿಗೆಯನ್ನು ಮೂರು ಸಲ ಗಿರವಿಯಿಂದ ಬಿಡಿಸಿದವರು ಎಂದು ಬರೆಸಿ ಅಜ್ಜಿಯ ಹೆಸರು ಹಾಕಿಸು. ಹುಡುಗ ಫೋನು ತೆಗೆದು ಬರೆದುಕೊಳ್ಳತೊಡಗಿದ. ಮೇಲೆ ವಿಮಾನವೊಂದು ಹೋಯಿತು. ಅದರ ಸದ್ದು ಕಳೆಯುವವರೆಗೆ ಅತ್ತೆ ಸುಮ್ಮನಿದ್ದು, ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು.

“ಮೂರು ಅಲ್ಲ, ನಾಲ್ಕು,” ಎಂದರು. “ಕೊನೆ ಸಲದ್ದು ನಿಮ್ಮ ಮಾವಂಗೇ ಗೊತ್ತಿರಲಿಲ್ಲ.”